ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಮನೆಯ ಹಳೆಯ ಪದಾರ್ಥಗಳನ್ನು ಸರಿಪಡಿಸಿಕೊಂಡು ಬಳಸುವುದು ನಮ್ಮ ಗೃಹಸ್ಥರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಕೊಡೆಯ ಕಡ್ಡಿ ಮುರಿದರೆ ಕಡ್ಡಿಯನ್ನು ಮಾತ್ರ ಬದಲಾಯಿಸುತ್ತೇವೆ. ಬಾಗಿಲು ಜೋತುಬಿದ್ದರೆ ಕೀಲನ್ನು ಹೊಸದಾಗಿ ಜಡಿಸುತ್ತೇವೆಯೇ ಹೊರತು ಬಾಗಿಲನ್ನೇ ಕಿತ್ತೆಸೆಯುವುದಿಲ್ಲ. ಆದರೆ ಕಂಪ್ಯೂಟರಿನ ಮಾತು ಬಂದೊಡನೆ ಈ ವಿವೇಕವು ಎಲ್ಲಿಯೋ ಅಡಗಿಬಿಡುತ್ತದೆ. "ಆಟ ತಡವರಿಸುತ್ತಿದೆ" ಎಂದು ಮಗನು ಹೇಳುತ್ತಾನೆ. "ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಿ" ಎಂದು ಅಂಗಡಿಯವನು ಹೇಳುತ್ತಾನೆ. ತಂದೆಯಾದವನು ಸಾಲಮಾಡಿ ಹೊಸದನ್ನು ತರುತ್ತಾನೆ, ಇಲ್ಲವೆ ಮಗನನ್ನು ಗದರಿಸಿ ಸುಮ್ಮನಾಗಿಸುತ್ತಾನೆ. ಎರಡೂ ವಿಚಾರಮಾಡದೆ ಮಾಡಿದ ಕೆಲಸಗಳೇ ಸರಿ.

ಕಂಪ್ಯೂಟರಿನಲ್ಲಿ ಐದಾರು ಮುಖ್ಯ ಅಂಗಗಳುಂಟು. ಅವೆಲ್ಲವೂ ಒಮ್ಮೆಗೇ ಮುಪ್ಪಾಗುವುದಿಲ್ಲ. ಯಾವುದೋ ಒಂದು ಅಂಗವು ಮಿಕ್ಕವುಗಳನ್ನು ತಡೆದು ನಿಲ್ಲಿಸಿರುತ್ತದೆ. ಆ ಒಂದನ್ನು ಕಂಡುಹಿಡಿದು ಅದಕ್ಕೆ ಮಾತ್ರ ಹಣವನ್ನು ಹಾಕುವುದೇ ಜೀರ್ಣೋದ್ಧಾರದ ಮರ್ಮ. ಹಾಗೆ ಕಂಡುಹಿಡಿಯದೆ ಹಾಕಿದ ಹಣವು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ವ್ಯರ್ಥವಾಗುವುದು.

ಹುಡುಗರ ಆಟದ ವಿಷಯವು ಗೃಹಸ್ಥರ ಪತ್ರಿಕೆಯಲ್ಲಿ ಏತಕ್ಕೆಂದು ಕೆಲವರು ಕೇಳಬಹುದು. ಮನೆಯ ಹಣವೂ ಮನೆಯ ಮಕ್ಕಳೂ ಸೇರಿರುವ ವಿಷಯವಾದುದರಿಂದಲೇ ನಾವು ಇದನ್ನು ಎತ್ತಿಕೊಂಡಿದ್ದೇವೆ. ಓದು ಮುಗಿಸಿ ಒಂದು ಗಂಟೆ ಆಡಬೇಕೆಂಬ ಹುಡುಗನ ಆಸೆ ಕೆಟ್ಟದ್ದಲ್ಲ. ಅದಕ್ಕಾಗಿ ತಂದೆಯು ಎರಡು ವರ್ಷ ಕಂತು ಕಟ್ಟುವಂತಾದರೆ ಅದು ಮಾತ್ರ ಕಷ್ಟ.

ಒಂದು ಮನೆಯ ಉದಾಹರಣೆ

೨೦೨೫ನೆಯ ಇಸವಿಯ ಬೇಸಗೆಯ ರಜೆಯಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರು ಇಂತಹುದೇ ಸಂಕಟದಲ್ಲಿ ಸಿಕ್ಕಿದ್ದರು. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳ ಪಾಠಕ್ಕೆಂದು ಅವರು ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಎಂದರೆ ಜನರು ಎಸ್.ಪಿ. ರೋಡು ಎನ್ನುವ ಪೇಟೆಯಲ್ಲಿ, ಕಛೇರಿಯೊಂದು ಬಳಸಿ ಬಿಟ್ಟಿದ್ದ ಯಂತ್ರವನ್ನು ಕೊಂಡಿದ್ದರು. ೨೦೧೪ರಲ್ಲಿ ಹೊರಬಂದ ಇಂಟೆಲ್ ಕೋರ್ ಐ೫-೪೫೯೦ ಎಂಬ ಪ್ರೊಸೆಸರು, ೮ ಜಿಬಿಯ ಒಂದೇ ರ‍್ಯಾಮ್ ಪಟ್ಟಿ, ೫೦೦ ಜಿಬಿಯ ಹಾರ್ಡ್ ಡಿಸ್ಕು ಇವು ಅದರಲ್ಲಿದ್ದವು. ಗ್ರಾಫಿಕ್ಸ್ ಕಾರ್ಡು ಇರಲಿಲ್ಲ.

ಮಗನು ಆಡುತ್ತಿದ್ದುದು ಕೌಂಟರ್-ಸ್ಟ್ರೈಕ್ ಎಂಬ ಪ್ರಸಿದ್ಧ ಆಟ. ೨೦೧೨ರ ಅದರ ಹಳೆಯ ರೂಪವು ಆ ಯಂತ್ರದಲ್ಲಿ ಹೇಗೋ ನಡೆಯುತ್ತಿತ್ತು. ೨೦೨೩ರ ಸೆಪ್ಟೆಂಬರ್ ೨೭ರಂದು ಅದರ ಸ್ಥಾನದಲ್ಲಿ ಕೌಂಟರ್-ಸ್ಟ್ರೈಕ್ ೨ ಬಂದಿತು. ಅಂದಿನಿಂದ ಚಿತ್ರವು ತಡೆತಡೆದು ಓಡತೊಡಗಿತು. ಯಂತ್ರ ಹಾಳಾಗಿರಲಿಲ್ಲ, ಅದರ ಮೇಲಿನ ಹೊರೆ ಹೆಚ್ಚಿತ್ತು. ಅಂಗಡಿಯವನು ಹೊಸ ಯಂತ್ರಕ್ಕೆ ೮೦,೦೦೦ ರೂಪಾಯಿ ಹೇಳಿ, ೨೪ ತಿಂಗಳ ಕಂತನ್ನೂ ಗೊತ್ತುಮಾಡಿಕೊಟ್ಟಿದ್ದನು. ಅದೇ ವರ್ಷ ಹಿರಿಯ ಮಗಳ ಇಂಜಿನಿಯರಿಂಗ್ ಶುಲ್ಕವನ್ನು ಕಟ್ಟಬೇಕಾಗಿತ್ತು. "ಮೇಷ್ಟ್ರೇ, ಇಲ್ಲವೆಂದರೆ ಹುಡುಗ ಮಾತೇ ಆಡುವುದಿಲ್ಲ, ಹೂಂ ಎಂದರೆ ಮಗಳ ಶುಲ್ಕಕ್ಕೆ ತೊಂದರೆ. ತಾವೇ ಒಂದು ದಾರಿ ಹೇಳಿ" ಎಂದು ಅವರು ಕೇಳಿದರು. ಒಂದು ವಾರ ರುಜು ಹಾಕಬೇಡಿರೆಂದು ಹೇಳಿ, ತಂದೆಮಕ್ಕಳಿಬ್ಬರನ್ನೂ ಕೂಡಿಸಿಕೊಂಡು ನಾವು ಪರೀಕ್ಷೆಗೆ ತೊಡಗಿದೆವು. ನಿವೃತ್ತರಾದ ಮೇಲೆ ಈ ಯಂತ್ರದ ಒಳಗನ್ನು ತಿಳಿಯುವುದು ನಮಗೊಂದು ಹವ್ಯಾಸವಾಗಿದೆ.

ಅಂಗಗಳ ಕೆಲಸ

ಮದುವೆಮನೆಯ ಅಡಿಗೆಯನ್ನು ಕಂಡವರಿಗೆ ಕಂಪ್ಯೂಟರಿನ ಒಳಗು ಸುಲಭವಾಗಿ ತಿಳಿಯುತ್ತದೆ. ಪ್ರೊಸೆಸರು ಮುಖ್ಯ ಅಡಿಗೆಭಟ್ಟರಂತೆ. ಮುಂದೆ ಏನಾಗಬೇಕೆಂದು ನಿರ್ಣಯಿಸುವುದು ಅದರ ಕೆಲಸ. ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಗುಲಿತು ಎಂಬುದನ್ನೆಲ್ಲ ಅದು ಲೆಕ್ಕಹಾಕುತ್ತದೆ. ಗ್ರಾಫಿಕ್ಸ್ ಕಾರ್ಡು ಸಾಲಾಗಿ ಕುಳಿತು ಉಂಡೆ ಕಟ್ಟುವ ಗುಂಪಿನಂತೆ. ಒಬ್ಬೊಬ್ಬರದೂ ಸಣ್ಣ ಕೆಲಸ, ಆದರೆ ಕೈಗಳು ಅನೇಕ. ಮೇಲೆ ಹೇಳಿದ ಪ್ರೊಸೆಸರಿನಲ್ಲಿ ೪ ಕೋರ್‌ಗಳಿದ್ದರೆ, ೨೦೧೯ರಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ ೧೬೫೦ ಎಂಬ ಸಾಧಾರಣ ಕಾರ್ಡಿನಲ್ಲಿಯೂ ೮೯೬ ಕಿರು ಗಣಕಗಳುಂಟು. ಪರದೆಯ ಮೇಲೆ ಬಣ್ಣ ತುಂಬುವ ಕೆಲಸ ಇವುಗಳದು. ಹಾರ್ಡ್ ಡಿಸ್ಕು ಉಗ್ರಾಣ. ರ‍್ಯಾಮ್ ಎಂಬುದು ಉಗ್ರಾಣದಿಂದ ತಂದ ಸಾಮಾನನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಕಟ್ಟೆ. ಪವರ್ ಸಪ್ಲೈ ಒಲೆಯ ಸೌದೆ. ಇವುಗಳಲ್ಲಿ ಯಾವುದು ನಿಧಾನವೋ ಅದರ ವೇಗದಲ್ಲಿಯೇ ಪಂಕ್ತಿಯು ಏಳುತ್ತದೆ. ಉಂಡೆ ಕಟ್ಟುವವರು ಸಾಲದಿರುವಾಗ ಇನ್ನೊಬ್ಬ ಭಟ್ಟರನ್ನು ಕರೆಸಿದರೆ ಫಲವೇನು?

ಇನ್ನು ವೇಗದ ಲೆಕ್ಕ. ಆಟದ ಚಲನೆಯು ಫ್ರೇಮು ಎಂಬ ಬಿಡಿಚಿತ್ರಗಳ ಸಾಲು. ಸೆಕೆಂಡಿಗೆ ೬೦ ಫ್ರೇಮುಗಳಾದರೆ ಒಂದೊಂದನ್ನು ಸಿದ್ಧಪಡಿಸಲು ಯಂತ್ರಕ್ಕೆ ದೊರೆಯುವ ಕಾಲವು ಸುಮಾರು ೧೬.೭ ಮಿಲಿಸೆಕೆಂಡು. ಅಷ್ಟರೊಳಗೆ ಪ್ರೊಸೆಸರೂ ಕಾರ್ಡೂ ತಮ್ಮ ತಮ್ಮ ಪಾಲನ್ನು ಮುಗಿಸಬೇಕು. ೧೯೨೦ × ೧೦೮೦ ಅಳತೆಯ ಪರದೆಯಲ್ಲಿ ೨೦,೭೩,೬೦೦ ಬಿಂದುಗಳಿರುತ್ತವೆ; ೧೨೮೦ × ೭೨೦ರ ಅಳತೆಯಲ್ಲಿ ೯,೨೧,೬೦೦ ಮಾತ್ರ. ಅಳತೆಯನ್ನು ತಗ್ಗಿಸಿದರೆ ಕಾರ್ಡಿನ ಹೊರೆಯು ಅರ್ಧಕ್ಕಿಂತ ಕಡಮೆಯಾಗುತ್ತದೆ. ಪ್ರೊಸೆಸರಿನ ಹೊರೆಯಾದರೋ ಹೆಚ್ಚುಕಡಮೆ ಇದ್ದಂತೆಯೇ ಇರುತ್ತದೆ. ಪರೀಕ್ಷೆಯ ಕೀಲಿಕೈ ಇದೇ.

ನಿದಾನ ಮೊದಲು, ಚಿಕಿತ್ಸೆ ಆಮೇಲೆ

ವೈದ್ಯನು ನಾಡಿಯನ್ನು ನೋಡದೆ ಔಷಧವನ್ನು ಕೊಡುವುದಿಲ್ಲ. ಕಂಪ್ಯೂಟರಿನ ನಾಡಿಯನ್ನು ನೋಡಲು ಬೇರೆ ಉಪಕರಣವೇನೂ ಬೇಡ. ಆಟ ನಡೆಯುತ್ತಿರುವಾಗ ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಜಿ ಅಕ್ಷರವನ್ನೂ ಕೂಡಿ ಒತ್ತಿದರೆ ಸೆಕೆಂಡಿಗೆ ಎಷ್ಟು ಫ್ರೇಮು, ಪ್ರೊಸೆಸರು ಎಷ್ಟು ದುಡಿಯುತ್ತಿದೆ, ಗ್ರಾಫಿಕ್ಸ್ ಎಷ್ಟು ದುಡಿಯುತ್ತಿದೆ ಎಂಬುದನ್ನು ನೋಡಬಹುದು. ಟಾಸ್ಕ್ ಮ್ಯಾನೇಜರಿನಲ್ಲಿಯೂ ದುಡಿಮೆಯ ಪ್ರಮಾಣ ಕಾಣುತ್ತದೆ.

ಗ್ರಾಫಿಕ್ಸಿನ ದುಡಿಮೆಯು ನೂರಕ್ಕೆ ೯೫ರಿಂದ ೧೦೦ರವರೆಗೆ ಇದ್ದು ಪ್ರೊಸೆಸರಿಗೆ ಬಿಡುವಿದ್ದರೆ, ತಡೆಯು ಗ್ರಾಫಿಕ್ಸಿನಲ್ಲಿದೆ. ಪ್ರೊಸೆಸರು ತುಂಬಿ ಗ್ರಾಫಿಕ್ಸು ಅರ್ಧಕ್ಕೇ ನಿಂತಿದ್ದರೆ ತಡೆಯು ಪ್ರೊಸೆಸರಿನಲ್ಲಿದೆ. ಸಂದೇಹ ಉಳಿದರೆ ಚಿತ್ರದ ಅಳತೆಯನ್ನು ತಗ್ಗಿಸಿ ನೋಡತಕ್ಕದ್ದು. ಫ್ರೇಮುಗಳು ಹೆಚ್ಚಿದರೆ ಹೊಸ ಕಾರ್ಡಿನಿಂದ ಪ್ರಯೋಜನವುಂಟು. ಹೆಚ್ಚದಿದ್ದರೆ ಕಾರ್ಡಿಗೆ ಹಾಕುವ ಹಣ ದಂಡ. ರ‍್ಯಾಮ್ ಪೂರ್ತಿ ತುಂಬಿ ಡಿಸ್ಕು ಸದಾ ಓಡುತ್ತಿದ್ದರೆ ಕಟ್ಟೆ ಸಾಲದೆ ಉಗ್ರಾಣಕ್ಕೆ ಓಡಾಟ ನಡೆದಿದೆ ಎಂದರ್ಥ. ಆಟವು ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕುಗ್ಗಿದರೆ ರೋಗವು ಉಷ್ಣದ್ದು. ಪ್ರೊಸೆಸರು ಮಿತಿಮೀರಿ ಕಾದಾಗ ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ.

ಆ ಮನೆಯ ಯಂತ್ರದಲ್ಲಿ ಪ್ರೊಸೆಸರಿನ ಒಡಲಲ್ಲಿಯೇ ಅಡಕವಾಗಿರುವ ಎಚ್‌ಡಿ ೪೬೦೦ ಎಂಬ ಸಣ್ಣ ಗ್ರಾಫಿಕ್ಸು ನೂರಕ್ಕೆ ನೂರು ದುಡಿಯುತ್ತಿತ್ತು; ಪ್ರೊಸೆಸರಿಗೆ ಬಿಡುವಿತ್ತು. ಅಳತೆಯನ್ನು ತಗ್ಗಿಸಿದೊಡನೆ ಫ್ರೇಮುಗಳು ಏರಿದವು. ರೋಗನಿರ್ಣಯವು ಮುಗಿಯಿತು.

ಕಾಸಿಲ್ಲದ ಚಿಕಿತ್ಸೆ

ಆಯುಧಪೂಜೆಯ ದಿನ ನಾವು ಕಂಪ್ಯೂಟರಿಗೂ ಅರಿಸಿನ ಕುಂಕುಮವನ್ನಿಟ್ಟು ಹೂವನ್ನು ಮುಡಿಸುತ್ತೇವೆ. ಪೂಜೆಯ ಮುನ್ನಾದಿನ ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು ಒಳಗನ್ನು ನೋಡುವವರು ವಿರಳ. ಐದು ವರ್ಷದ ಧೂಳು ಹತ್ತಿಯ ಹಾಸಿನಂತೆ ಫ್ಯಾನಿಗೆ ಅಂಟಿರುವುದುಂಟು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಆನ್ ಗುಂಡಿಯನ್ನು ಒಮ್ಮೆ ಒತ್ತಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಒಣಗಿದ್ದರೆ ಹೊಸದನ್ನು ಹಚ್ಚಬೇಕು. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಆಟದ ಸೆಟ್ಟಿಂಗುಗಳಲ್ಲಿ ನೆರಳಿನ ಗುಣವನ್ನೂ ಅಂಚು ನಯಮಾಡುವ ಕೆಲಸವನ್ನೂ ತಗ್ಗಿಸಿದರೆ ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣದೆಯೇ ಹೊರೆ ಇಳಿಯುತ್ತದೆ. ಮಾನಿಟರಿನ ಮಿತಿಯನ್ನೂ ತಿಳಿದಿರಬೇಕು. ೬೦ ಹರ್ಟ್ಸಿನ ಮಾನಿಟರು ಸೆಕೆಂಡಿಗೆ ೬೦ ಚಿತ್ರಗಳನ್ನು ಮಾತ್ರ ತೋರಿಸಬಲ್ಲುದು. ಅದರ ಮುಂದೆ ಕುಳಿತು ೧೪೪ ಫ್ರೇಮುಗಳಿಗಾಗಿ ಹಣ ಸುರಿಯುವುದು ಅವಿವೇಕ.

ಹಣ ಬೇಡುವ ಚಿಕಿತ್ಸೆ

ಮೊದಲನೆಯದು ರ‍್ಯಾಮ್. ಇದನ್ನು ಜೋಡಿಯಾಗಿ ಹಾಕುವುದು ಮೇಲು. ಡಿಡಿಆರ್೩-೧೬೦೦ ಜಾತಿಯ ಒಂದೇ ಪಟ್ಟಿಯಾದರೆ ಸೆಕೆಂಡಿಗೆ ೧೨.೮ ಜಿಬಿ ಮಾಹಿತಿ ಸಾಗಬಲ್ಲುದು. ಎರಡು ಪಟ್ಟಿಗಳು ಜೊತೆಗೂಡಿದರೆ ೨೫.೬ ಜಿಬಿ. ಪ್ರತ್ಯೇಕ ಕಾರ್ಡಿಲ್ಲದ ಯಂತ್ರದಲ್ಲಿ ಗ್ರಾಫಿಕ್ಸಿಗೂ ಈ ರ‍್ಯಾಮೇ ಆಧಾರವಾದುದರಿಂದ ಜೋಡಿಯ ಗುಣವು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಡಿಡಿಆರ್೩ರ ಜಾಗದಲ್ಲಿ ಡಿಡಿಆರ್೪ ಕೂಡುವುದಿಲ್ಲ. ಜಾತಿಯನ್ನು ನೋಡಿಯೇ ಕೊಳ್ಳತಕ್ಕದ್ದು.

ಎರಡನೆಯದು ಎಸ್‌ಎಸ್‌ಡಿ. ಹಳೆಯ ಡಿಸ್ಕಿನಲ್ಲಿ ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ತಟ್ಟೆಯ ಮೇಲೆ ಮುಳ್ಳು ಹುಡುಕಾಡಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಯಂತ್ರ ಏಳುವುದೂ ಆಟ ತೆರೆಯುವುದೂ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತವೆ. ಆಟದ ನಡುವೆ ಹೊಸ ದೃಶ್ಯವು ತೆರೆಯುವಾಗಿನ ತಡೆಯೂ ಕಡಮೆಯಾಗುತ್ತದೆ. ಆದರೆ ಇದರಿಂದ ಫ್ರೇಮುಗಳ ಸಂಖ್ಯೆ ಹೆಚ್ಚುವುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಉಗ್ರಾಣವು ಹತ್ತಿರವಾದ ಮಾತ್ರಕ್ಕೆ ಉಂಡೆ ಕಟ್ಟುವ ಕೈಗಳು ಹೆಚ್ಚುವುದಿಲ್ಲವಷ್ಟೆ.

ಮೂರನೆಯದೂ ಮುಖ್ಯವಾದುದೂ ಗ್ರಾಫಿಕ್ಸ್ ಕಾರ್ಡು. ಇದನ್ನು ಪವರ್ ಸಪ್ಲೈಯ ಲೆಕ್ಕದೊಡನೆಯೇ ಆರಿಸಬೇಕು. ಕಾರ್ಡು ಕೂಡುವ ಗೂಡಿನಿಂದ ಹೆಚ್ಚೆಂದರೆ ೭೫ ವಾಟ್ ಶಕ್ತಿ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ತಂತಿ ಬೇಕು. ಕಛೇರಿಯ ಯಂತ್ರಗಳಲ್ಲಿ ಆ ತಂತಿ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಪವರ್ ಸಪ್ಲೈಯ ಕೊಂಡಿಯೇ ಬೇರೆ ಆಕಾರದ್ದಾಗಿದ್ದು, ಪೇಟೆಯ ಸಾಧಾರಣ ಸಪ್ಲೈ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ನಮ್ಮ ಉದಾಹರಣೆಯ ಯಂತ್ರದಲ್ಲಿ ೨೯೦ ವಾಟಿನ ಸಪ್ಲೈ ಇತ್ತು. ಪ್ರೊಸೆಸರಿಗೆ ೮೪, ಕಾರ್ಡಿಗೆ ೭೫, ಮಿಕ್ಕವಕ್ಕೆ ಸುಮಾರು ೫೦ ಎಂದರೆ ೨೦೯ ವಾಟಾಯಿತು. ಉಳಿದುದು ಕ್ಷೇಮದ ಅಂಚು. ಅಲ್ಲಿಯೇ ೧೫೦ ವಾಟಿನ ಕಾರ್ಡನ್ನು ಕೂಡಿಸಿದ್ದರೆ ಲೆಕ್ಕವು ೨೮೪ಕ್ಕೆ ಮುಟ್ಟುತ್ತಿತ್ತು. ಅದು ತುಂಬಿದ ಎತ್ತಿನ ಗಾಡಿಗೆ ಇನ್ನೊಂದು ಮೂಟೆ ಹೇರಿದಂತೆ. ಬೇರೆ ಸಪ್ಲೈ ಕೊಳ್ಳುವವರು ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗದೆ ೧೨ ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ ಎಂದು ನೋಡಬೇಕು. ಅಲ್ಲಿ ೧೮ ಎಂದಿದ್ದರೆ ಆ ಸಾಲಿನ ನಿಜವಾದ ಬಲ ೨೧೬ ವಾಟ್ ಮಾತ್ರ. ಅಗ್ಗದ ಸಪ್ಲೈ ಸುಟ್ಟುಹೋಗುವಾಗ ತನ್ನೊಡನೆ ಮದರ್‌ಬೋರ್ಡನ್ನೂ ಕೊಂಡೊಯ್ಯುವುದುಂಟು.

ಜಿಟಿಎಕ್ಸ್ ೧೬೫೦ ೭೫ ವಾಟಿನ ಕಾರ್ಡಾದರೂ ಕೆಲವು ತಯಾರಕರು ಅದಕ್ಕೆ ಹೆಚ್ಚಿನ ತಂತಿಯ ಕೊಂಡಿಯನ್ನು ಇಟ್ಟಿದ್ದಾರೆ. ಕೊಂಡಿಯಿಲ್ಲದ ಬಗೆಯನ್ನೇ ಕೇಳಿ ತರಬೇಕು. ೨೦೨೨ರ ಆರ್‌ಎಕ್ಸ್ ೬೪೦೦ ಎಂಬ ಕಾರ್ಡೂ ಸ್ವಲ್ಪ ಶಕ್ತಿಯಲ್ಲಿಯೇ ನಡೆಯುತ್ತದೆ. ಆದರೆ ಅದು ಮದರ್‌ಬೋರ್ಡಿನೊಡನೆ ೧೬ ದಾರಿಗಳ ಬದಲು ೪ ದಾರಿಗಳಲ್ಲಿ ಮಾತ್ರ ಸಂಪರ್ಕವಿಡುತ್ತದೆ; ಹಳೆಯ ಯಂತ್ರದಲ್ಲಿ ಆ ದಾರಿಗಳ ವೇಗವೂ ಅರ್ಧವಾದುದರಿಂದ ಕಾರ್ಡಿನ ಪೂರ್ಣ ಬಲ ಸಿಗುವುದಿಲ್ಲ. ಇಂಟೆಲಿನ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಎಂಬ ಅನುಕೂಲ ಅಗತ್ಯ. ಅದು ಇಂತಹ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಹೊಸತೆಂಬುದು ಹಳೆಯದಕ್ಕೆ ಯಾವಾಗಲೂ ಹೊಂದುವುದೆಂದು ತಿಳಿಯಬಾರದು.

ಕಾರ್ಡನ್ನು ಕೂಡಿಸಿದ ಮೇಲೆ ಮಾನಿಟರಿನ ತಂತಿಯನ್ನು ಕಾರ್ಡಿನ ಹಿಂಭಾಗಕ್ಕೇ ಸಿಕ್ಕಿಸಬೇಕು. ಹಳೆಯ ಜಾಗದಲ್ಲಿಯೇ ಬಿಟ್ಟರೆ ಹೊಸ ಕಾರ್ಡು ಸುಮ್ಮನೆ ಕುಳಿತು ಸಣ್ಣ ಗ್ರಾಫಿಕ್ಸೇ ದುಡಿಯುತ್ತಿರುತ್ತದೆ. ಹಳೆಯ ಮಾನಿಟರಿನಲ್ಲಿ ವಿಜಿಎ ಕೊಂಡಿ ಮಾತ್ರವಿದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಮಾರ್ಪಡಿಸುವ ಸಣ್ಣ ಸಾಧನವೂ ಬೇಕಾಗುವುದು.

ಫಲ

ಆ ಮನೆಯವರು ೧೫,೦೦೦ ರೂಪಾಯಿಗಳ ಗಡಿಯನ್ನು ಹಾಕಿಕೊಂಡು, ಬಳಸಿದ ಜಿಟಿಎಕ್ಸ್ ೧೬೫೦ ಒಂದನ್ನೂ, ೮ ಜಿಬಿಯ ಇನ್ನೊಂದು ಹಳೆಯ ರ‍್ಯಾಮ್ ಪಟ್ಟಿಯನ್ನೂ, ೫೦೦ ಜಿಬಿಯ ಹೊಸ ಎಸ್‌ಎಸ್‌ಡಿಯನ್ನೂ ತಂದರು. ಎಲ್ಲವೂ ಆ ಗಡಿಯೊಳಗೇ ಮುಗಿದವು. ತಂದೆ ಟಾರ್ಚು ಹಿಡಿದರು, ಮಗ ಸ್ಕ್ರೂ ತಿರುಗಿಸಿದನು. ಮೊದಲು ೧೨೮೦ × ೭೨೦ರಲ್ಲಿ ೩೦ ಫ್ರೇಮುಗಳಿಗೆ ಏದುತ್ತಿದ್ದ ಆಟವು ೧೯೨೦ × ೧೦೮೦ರಲ್ಲಿಯೇ ಸಾಮಾನ್ಯವಾಗಿ ೬೦ಕ್ಕಿಂತ ಮೇಲೆ ನಿಂತಿತು. ಹೊಗೆ ಗುಂಡುಗಳ ಗದ್ದಲದಲ್ಲಿ ಮಾತ್ರ ಸ್ವಲ್ಪ ಇಳಿಯುತ್ತಿತ್ತು. ಈಗ ಪ್ರೊಸೆಸರು ತುಂಬಿ ಕಾರ್ಡಿಗೆ ಬಿಡುವಾಗಿತ್ತು. ತಡೆಯು ಒಂದು ಅಂಗದಿಂದ ಇನ್ನೊಂದಕ್ಕೆ ಸರಿದಿತ್ತು. "ಅಪ್ಪಾ, ಐ೭ ಪ್ರೊಸೆಸರ್ ಹಾಕಿದರೆ ಇನ್ನೂ ಏರುತ್ತದೆ" ಎಂದು ಹುಡುಗನೆಂದನು. ಅದು ಸುಳ್ಳಲ್ಲ, ಅದೇ ಗೂಡಿಗೆ ೮ ಎಳೆಗಳ ಐ೭-೪೭೯೦ ಕೂಡುತ್ತದೆ. ಆದರೆ ೬೦ ಹರ್ಟ್ಸಿನ ಮಾನಿಟರಿನ ಮುಂದೆ ಆ ಹಣಕ್ಕೆ ತಕ್ಕ ಫಲವಿಲ್ಲವೆಂದು ಲೆಕ್ಕ ತೋರಿಸಿದಾಗ ಅವನೇ ಬೇಡವೆಂದನು. ಮಗಳ ಶುಲ್ಕವನ್ನು ಸಕಾಲದಲ್ಲಿ ಕಟ್ಟಿದರು.

ಎಲ್ಲಿ ನಿಲ್ಲಿಸಬೇಕು

ಜೀರ್ಣೋದ್ಧಾರಕ್ಕೂ ಒಂದು ಎಲ್ಲೆಯುಂಟು. ೨೦೨೪ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ಯಂತ್ರಭಾಗವು ಕಾರ್ಡಿನಲ್ಲಿಯೇ ಇರಬೇಕು. ಜಿಟಿಎಕ್ಸ್ ೧೬೫೦ರಲ್ಲಿ ಅದಿಲ್ಲ. ಸೈಬರ್‌ಪಂಕ್ ೨೦೭೭ ಆಟವು ೨೦೨೩ರಿಂದ ಎಸ್‌ಎಸ್‌ಡಿಯನ್ನು ಕಡ್ಡಾಯವಾಗಿ ಕೇಳುತ್ತದೆ. ಆದುದರಿಂದ ಹುಡುಗನು ಬಯಸುವ ಆಟಗಳ ಹೆಸರನ್ನು ಮೊದಲೇ ಬರೆಯಿಸಿ, ಅವುಗಳ ಕನಿಷ್ಠ ಅಗತ್ಯಗಳನ್ನು ಓದಿಕೊಂಡು ಹೊರಡಬೇಕು. ಬಯಸಿದ ಆಟಗಳೆಲ್ಲ ಈ ಎಲ್ಲೆಯಾಚೆಗೇ ಇದ್ದರೆ ಹಳೆಯ ಯಂತ್ರಕ್ಕೆ ಒಂದು ಕಾಸನ್ನೂ ಹಾಕದೆ ಹೊಸದಕ್ಕಾಗಿ ಹಣ ಕೂಡಿಡುವುದೇ ಲೇಸು.

ಆಪರೇಟಿಂಗ್ ಸಿಸ್ಟಮ್ ವಿಷಯವೂ ಇದೆ. ವಿಂಡೋಸ್ ೧೦ಕ್ಕೆ ಸಾಮಾನ್ಯ ರಕ್ಷಣೆ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಮನೆಯ ಬಳಕೆದಾರರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ಹೆಚ್ಚಿನ ರಕ್ಷಣೆಯನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ ೧೧ಕ್ಕೆ ಇಂಟೆಲಿನ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರುಗಳೂ ಟಿಪಿಎಂ ೨.೦ ಎಂಬ ರಕ್ಷಣಾಸಾಧನವೂ ಬೇಕು. ನಾಲ್ಕನೆಯ ತಲೆಮಾರಿನ ನಮ್ಮ ಯಂತ್ರವು ಆ ಪಂಕ್ತಿಗೆ ಸೇರದು. ಲಿನಕ್ಸ್ ಇನ್ನೊಂದು ದಾರಿ. ೨೦೧೮ರಲ್ಲಿ ವಾಲ್ವ್ ಕಂಪನಿಯು ಪ್ರೋಟಾನ್ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ವಿಂಡೋಸಿನ ಎಷ್ಟೋ ಆಟಗಳು ಅದರಲ್ಲಿಯೂ ನಡೆಯುತ್ತವೆ. ಕೌಂಟರ್-ಸ್ಟ್ರೈಕ್ ೨ ನೇರವಾಗಿಯೇ ನಡೆಯುತ್ತದೆ. ವ್ಯಾಲರಂಟ್, ಫೋರ್ಟ್‌ನೈಟ್ ಮೊದಲಾದವು ಮಾತ್ರ ನಡೆಯುವುದಿಲ್ಲ. ಹಣ ಹಾಕುವ ಮೊದಲೇ ಇದನ್ನೂ ಯೋಚಿಸಬೇಕು.

ಲ್ಯಾಪ್‌ಟಾಪು ಉಳ್ಳವರಿಗೆ ಒಂದು ಮಾತು. ಅದರಲ್ಲಿ ಸಾಮಾನ್ಯವಾಗಿ ರ‍್ಯಾಮ್ ಮತ್ತು ಡಿಸ್ಕುಗಳನ್ನು ಮಾತ್ರ ಬದಲಾಯಿಸಬಹುದು. ಕೆಲವದರಲ್ಲಿ ರ‍್ಯಾಮನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಗ್ರಾಫಿಕ್ಸನ್ನು ಬದಲಾಯಿಸಿಕೊಡುತ್ತೇವೆಂಬ ಮಾತಿಗೆ ಸುಲಭವಾಗಿ ಒಪ್ಪಬಾರದು.

ಹಳೆಯ ಕಾರ್ಡನ್ನು ಕೊಳ್ಳುವಾಗಲೂ ಎಚ್ಚರವಿರಬೇಕು. ೨೦೨೨ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ನಿಂತ ಮೇಲೆ, ಹಗಲಿರುಳು ದುಡಿದು ಬಳಲಿದ ಕಾರ್ಡುಗಳು ಅನೇಕವಾಗಿ ಪೇಟೆಗೆ ಬಂದವು. ತೀರ ಹಳೆಯ ಕಾರ್ಡಿಗೆ ಹೊಸ ಹೆಸರನ್ನು ಬರೆದು ಮಾರುವ ವಂಚಕರೂ ಉಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಇಂತಹ ಕಳ್ಳಕಾರ್ಡುಗಳನ್ನು ಗುರುತಿಸಿ ತೋರಿಸುತ್ತದೆ. ಅಂಗಡಿಯಲ್ಲಿಯೇ ಅರ್ಧ ಗಂಟೆ ಓಡಿಸಿ ನೋಡದೆ ಹಣವನ್ನು ಎಣಿಸಬಾರದು. ಎನ್‌ವಿಡಿಯಾದವರು ೧೦ರ ಸಾಲಿನ ಜಿಟಿಎಕ್ಸ್ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರುಗಳನ್ನು ೨೦೨೫ರ ಅಕ್ಟೋಬರಿನಲ್ಲಿ ನಿಲ್ಲಿಸಿದುದರಿಂದ, ಅವು ಅಗ್ಗವಾಗಿ ಸಿಕ್ಕಿದರೂ ೧೬ರ ಸಾಲಿನವೇ ಮೇಲು.

ಕೊನೆಯದಾಗಿ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹುಡುಗನು ಯಂತ್ರವನ್ನು ಕೇಳಿದಾಗ ಅವನ ಕೈಗೆ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಕೊಡಿರಿ. ಯಾವ ಆಟ, ಎಷ್ಟು ಫ್ರೇಮು, ಯಾವ ಅಂಗದ ದುಡಿಮೆ ನೂರಕ್ಕೆ ಎಷ್ಟು, ಅಳತೆ ತಗ್ಗಿಸಿದಾಗ ಏನಾಯಿತು, ಪವರ್ ಸಪ್ಲೈಯ ಮೇಲೆ ಏನು ಬರೆದಿದೆ ಎಂಬುದನ್ನು ಅವನೇ ಬರೆದು ತರಲಿ. ಅಷ್ಟನ್ನು ಬರೆಯುವಷ್ಟರಲ್ಲಿ ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬುದು ಅವನಿಗೇ ತಿಳಿದಿರುತ್ತದೆ. ಆ ಒಂದು ಪುಟವನ್ನು ಹಿಡಿದು ಅಂಗಡಿಗೆ ಹೋದ ಗೃಹಸ್ಥನಿಗೆ ಯಾರೂ ಬೇಡದ ಸರಕನ್ನು ಮಾರಲಾರರು.